ತಿಣುಕಿದಾಗ ಕಣ್ಣಿನ ಒತ್ತಡ ಏಕೆ ಏರುತ್ತದೆ? ಉಸಿರು ಕಟ್ಟದೆ ಕೆಲಸ ಮಾಡುವ ಸಮಗ್ರ ಮಾರ್ಗದರ್ಶಿ

ಭಾರ ಎತ್ತುವಾಗ ಉಸಿರು ಕಟ್ಟಬೇಕು ಅಂತ ನಮಗೆ ಯಾರೂ ಕಲಿಸಿಲ್ಲ. ಮೈ ತಾನಾಗಿಯೇ ಹಾಗೆ ಮಾಡುತ್ತದೆ. ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಚೀಲ ಬೆನ್ನಿಗೇರಿಸುವ ಹಮಾಲ, ಶಹಾಬಾದಿನಲ್ಲಿ ಪರಸಿ ಕಲ್ಲು ಲಾರಿಗೆ ಹೇರುವ ಕೆಲಸಗಾರ, ಯಾದಗಿರಿ ಕಡೆಯ ಹಳ್ಳಿಯಲ್ಲಿ ತುಂಬಿದ ಕೊಡ ಸೊಂಟಕ್ಕೆ ಎತ್ತಿಕೊಳ್ಳುವ ಹೆಂಗಸು, ಎಲ್ಲರೂ ಎದೆ ತುಂಬ ಗಾಳಿ ಎಳೆದು, ಗಂಟಲು ಬಿಗಿದು, ಹೊಟ್ಟೆ ಗಟ್ಟಿ ಮಾಡಿ ಒಂದೇ ಏಟಿಗೆ ಎತ್ತುತ್ತಾರೆ. ಸಂಡಾಸದಲ್ಲಿ ತಿಣುಕುವಾಗಲೂ ಅಷ್ಟೇ. ಜೋರು ಕೆಮ್ಮು, ವಾಂತಿ, ಸನಾದಿ ಊದುವುದು, ಇವುಗಳಲ್ಲೂ ಅದೇ ನಡೆಯುತ್ತದೆ.

ಆ ಹೊತ್ತಿಗೆ ಕಣ್ಣಿನ ಒಳಗಿನ ಒತ್ತಡವೂ ಏರುತ್ತದೆ. ಆರೋಗ್ಯವಾಗಿರುವ ಕಣ್ಣು ಇದನ್ನು ತಡೆದುಕೊಳ್ಳುತ್ತದೆ. ಉಸಿರು ಬಿಟ್ಟ ಮೇಲೆ ಸ್ವಲ್ಪ ಹೊತ್ತಿನಲ್ಲೇ ಒತ್ತಡ ಮೊದಲಿನ ಮಟ್ಟಕ್ಕೆ ಬರುತ್ತದೆ. ಆದರೆ ಗ್ಲಾಕೋಮಾ (ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ) ಇರುವವರು, ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕೆಟ್ಟವರು, ಮೊನ್ನೆ ಮೊನ್ನೆ ಕಣ್ಣಿನ ಆಪರೇಷನ್ ಆದವರು ಇದ್ದಾರಲ್ಲ, ಅವರಿಗೆ ಈ ಏರಿಳಿತ ಸಣ್ಣ ವಿಷಯವಲ್ಲ.

ನಾನು ಕಣ್ಣಿನ ಒಪಿಡಿಯಲ್ಲಿ ದಿನಾ ಒತ್ತಡ ಅಳೆಯುವವನು. "ಇನ್ಮುಂದೆ ಭಾರ ಎತ್ತಬೇಡಿ" ಅಂತ ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಎತ್ತದಿದ್ದರೆ ಆ ದಿನದ ಕೂಲಿಯೇ ಇಲ್ಲ ಅನ್ನುವವರಿಗೆ ಆ ಚೀಟಿಯಿಂದ ಏನು ಉಪಯೋಗ? ಹಾಗಾಗಿ ಎತ್ತುವುದಾದರೆ ಹೇಗೆ ಎತ್ತಬೇಕು, ಸಂಡಾಸದಲ್ಲಿ ಹೇಗೆ ಕೂರಬೇಕು, ಕೆಮ್ಮು ಬಂದರೆ ಏನು ಮಾಡಬೇಕು, ಯಾವಾಗ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ಒಂದೊಂದಾಗಿ ಬರೆದಿದ್ದೇನೆ.

ಕಣ್ಣಿನೊಳಗೆ ನಡೆಯುವುದೇನು

ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ. ಅದಕ್ಕೂ ಒಳಗಿನ ಲೆನ್ಸಿಗೂ ನಡುವೆ ತಿಳಿನೀರಿನಂಥ ದ್ರವ ಇರುತ್ತದೆ. ಇದು ಕಣ್ಣೀರಲ್ಲ. ಕಣ್ಣಿನ ಒಳಗೇ ತಯಾರಾಗಿ, ಒಳಗಿಂದಲೇ ರಕ್ತಕ್ಕೆ ಸೇರಿಕೊಳ್ಳುತ್ತದೆ. ತಯಾರಾಗುವುದು ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್ ಮಾತ್ರ. ಔಷಧದ ಬಾಟಲಿಯಿಂದ ಬೀಳುವ ಒಂದು ಹನಿಯಷ್ಟು ಆಗಲು ಹೆಚ್ಚುಕಮ್ಮಿ 20 ನಿಮಿಷ ಬೇಕು. ಕಾರ್ನಿಯಾ ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಸೇರುವ ಮೂಲೆಯಲ್ಲಿ ಒಂದು ಸೂಕ್ಷ್ಮ ಜಾಲರಿ ಇದೆ. ದ್ರವ ಆ ಜಾಲರಿಯಿಂದ ಸೋರಿ, ಸಣ್ಣ ಕಾಲುವೆಯೊಂದರ ಮೂಲಕ ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳಿಗೆ ಹೋಗುತ್ತದೆ. ತಯಾರಾಗುವುದೂ ಹೊರಹೋಗುವುದೂ ಸರಿಸಮ ಇದ್ದರೆ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ನಡುವೆ ಇರುತ್ತದೆ.

ಈಗ ಉಸಿರು ಕಟ್ಟಿ ತಿಣುಕಿದಿರಿ ಅಂತಿಟ್ಟುಕೊಳ್ಳಿ. ಎದೆಯೊಳಗಿನ ಒತ್ತಡ ಏರುತ್ತದೆ. ತಲೆಯಿಂದ ಹೃದಯಕ್ಕೆ ಇಳಿದು ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಚೀಲ ಎತ್ತುವವರ ಕುತ್ತಿಗೆಯ ರಕ್ತನಾಳ ಉಬ್ಬಿ, ಮುಖ ಕೆಂಪಾಗುವುದನ್ನು ನೋಡಿದ್ದೀರಿ ಅಲ್ವಾ? ಅದು ಇದೇ. ಮೋರಿ ಕಟ್ಟಿಕೊಂಡರೆ ಬಚ್ಚಲಿನ ನೀರು ಹಿಂದಕ್ಕೆ ನಿಲ್ಲುವ ಹಾಗೆ ರಕ್ತ ಕಣ್ಣಿನ ತನಕ ಹಿಂದಕ್ಕೆ ನಿಲ್ಲುತ್ತದೆ.

ಇದರಿಂದ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ರೆಟಿನಾದ ಹಿಂದೆ ರಕ್ತನಾಳಗಳೇ ತುಂಬಿರುವ ಕೊರಾಯ್ಡ್ ಎಂಬ ಪದರ ಇದೆ. ಅದು ಉಬ್ಬುತ್ತದೆ. ಕಣ್ಣಿನ ಗೋಡೆ ಗಟ್ಟಿ, ಹಿಗ್ಗುವುದಿಲ್ಲ. ಒಳಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಜೊತೆಗೆ, ಬಿಳಿಗುಡ್ಡೆಯ ಮೇಲಿನ ನಾಳಗಳಲ್ಲೂ ರಕ್ತ ತುಂಬಿರುವುದರಿಂದ ಒಳಗಿನ ದ್ರವ ಹೊರಗೆ ಹೋಗುವುದೂ ನಿಧಾನವಾಗುತ್ತದೆ. ಹೀಗೆ ಗಂಟಲು ಮುಚ್ಚಿ ಒತ್ತುವುದಕ್ಕೆ ವೈದ್ಯರು ವಲ್ಸಾಲ್ವಾ ಅನ್ನುತ್ತಾರೆ. ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ವಲ್ಸಾಲ್ವಾ (1666–1723) ಅವರಿಂದ ಬಂದ ಹೆಸರು. ಮೂಗು ಬಾಯಿ ಮುಚ್ಚಿ ಗಾಳಿ ಒತ್ತಿ ಕಿವಿ ತೆರೆಯುವ ಉಪಾಯವನ್ನು ಅವರು ವಿವರಿಸಿದ್ದರು.

ಎಷ್ಟು ಏರುತ್ತದೆ? ಬ್ರೆಜಿಲ್‌ನಲ್ಲಿ ಮಲಗಿಕೊಂಡು ಭಾರ ಎತ್ತುವ ಗಂಡಸರ ಕಣ್ಣನ್ನು ಅಳೆದು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಸಿರು ಕಟ್ಟಿ ಎತ್ತಿದಾಗ ಒತ್ತಡ ಸರಾಸರಿ 4 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಏರಿತ್ತು. ಉಸಿರು ಬಿಡುತ್ತಾ ಎತ್ತಿದಾಗ ಏರಿದ್ದು ಸುಮಾರು 2 ಮಿ.ಮೀ. ಮಾತ್ರ. ಅಂದರೆ ಎತ್ತುವುದರಷ್ಟೇ ದೊಡ್ಡ ಪಾತ್ರ ಉಸಿರು ಕಟ್ಟುವುದರದ್ದೂ ಇದೆ. ಈ ಮಾರ್ಗದರ್ಶಿಯೆಲ್ಲ ನಿಂತಿರುವುದು ಆ ಅರ್ಧ ಉಳಿತಾಯದ ಮೇಲೆ.

ಮೊದಲ ಹೆಜ್ಜೆ: ನಿಮ್ಮ ಕಣ್ಣು ಯಾವ ಗುಂಪಿಗೆ ಸೇರುತ್ತದೆ ಅಂತ ತಿಳಿಯಿರಿ

ಎಲ್ಲರೂ ಒಂದೇ ಥರ ಹೆದರಬೇಕಿಲ್ಲ. ನಿಮಗೆ ಯಾವ ಕಣ್ಣಿನ ಕಾಯಿಲೆಯೂ ಇಲ್ಲ, ಬಿಪಿ ಸಕ್ಕರೆ ಹತೋಟಿಯಲ್ಲಿವೆ ಎಂದಾದರೆ ದಿನನಿತ್ಯದ ಕೆಲಸದಿಂದ ಕಣ್ಣು ಹಾಳಾಗುವುದಿಲ್ಲ. ಕೆಳಗಿನ ವಿಧಾನಗಳನ್ನು ರೂಢಿ ಮಾಡಿಕೊಂಡರೆ ಒಳ್ಳೆಯದು, ಅಷ್ಟೇ.

ಗ್ಲಾಕೋಮಾ ಇರುವವರ ವಿಷಯ ಬೇರೆ. ಅವರ ಕಣ್ಣಿನ ನರ ಈಗಾಗಲೇ ಪೆಟ್ಟು ತಿಂದಿರುತ್ತದೆ. ಒತ್ತಡ ಇಳಿಸಲು ಔಷಧದ ಹನಿ ಹಾಕುತ್ತಾ, ಇನ್ನೊಂದು ಕಡೆ ದಿನಕ್ಕೆ ಹತ್ತಾರು ಸಲ ಒತ್ತಡ ಏರಿಸುವ ಕೆಲಸ ಮಾಡಿದರೆ ಔಷಧದ ಲಾಭ ಸೋರಿ ಹೋಗಬಹುದು. ದ್ರವ ಹೊರಹೋಗುವ ಮೂಲೆ ಇಕ್ಕಟ್ಟಾಗಿರುವ ಥರದ ಗ್ಲಾಕೋಮಾ ಇದ್ದವರಿಗೆ ಇನ್ನೂ ಎಚ್ಚರ ಬೇಕು.

ಸಕ್ಕರೆ ಕಾಯಿಲೆ ಹಳೆಯದಾದರೆ ಕೆಲವರ ರೆಟಿನಾದ ಮೇಲೆ ಹೊಸ, ಬಲವಿಲ್ಲದ ರಕ್ತನಾಳ ಹುಟ್ಟುತ್ತವೆ. ಜೋರಾಗಿ ತಿಣುಕಿದರೆ ಅವು ಒಡೆದು ಕಣ್ಣೊಳಗೆ ರಕ್ತ ಸುರಿಯಬಹುದು. ಹಾಗಂತ ತಿಣುಕದಿದ್ದರೆ ಸಾಕು ಅಂದುಕೊಳ್ಳಬೇಡಿ. ಆ ನಾಳ ನಿದ್ದೆಯಲ್ಲಿರುವಾಗಲೂ ಒಡೆಯುತ್ತವೆ. ಲೇಸರ್ ಅಥವಾ ಇಂಜೆಕ್ಷನ್ ಹೇಳಿದ್ದರೆ ಅದನ್ನು ಮುಂದೂಡದೆ ಮಾಡಿಸಿಕೊಳ್ಳುವುದೇ ನಿಜವಾದ ರಕ್ಷಣೆ. ಅದು ಮುಗಿಯುವ ತನಕ ಭಾರದ ಕೆಲಸ ನಿಲ್ಲಿಸಿ.

ಎಚ್ಚರ ಬೇಕಾದ ಇನ್ನುಳಿದವರು: ಆಪರೇಷನ್ ಆದವರು (ಇವರ ಬಗ್ಗೆ ಮುಂದೆ ಬೇರೆಯಾಗಿ ಬರೆದಿದ್ದೇನೆ), ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಮೈನಸ್ 6ಕ್ಕಿಂತ ಜಾಸ್ತಿ ನಂಬರಿನ ಕನ್ನಡಕ ಇರುವವರು, ಒಂದೇ ಕಣ್ಣಿನಲ್ಲಿ ದೃಷ್ಟಿ ಇರುವವರು.

ಒಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಇನ್ನೂ ಇದೆ. ದಪ್ಪ ಕನ್ನಡಕದ ಹುಡುಗಿಗೆ ಹೆರಿಗೆ ನೋವು ಕೊಡಬಾರದು, ಕಣ್ಣು ಹೋಗುತ್ತದೆ, ಸಿಸೇರಿಯನ್ನೇ ಆಗಬೇಕು ಅನ್ನುತ್ತಾರೆ. ಜಾಸ್ತಿ ಮೈನಸ್ ನಂಬರ್ ಇರುವ ತಾಯಂದಿರನ್ನು ಹೆರಿಗೆಗೆ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸಹಜ ಹೆರಿಗೆಯಿಂದ ರೆಟಿನಾಕ್ಕೆ ಹಾನಿ ಕಂಡಿಲ್ಲ. ನಂಬರ್ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಿಸಬೇಕಿಲ್ಲ. ಬಸುರಿನಲ್ಲಿ ಒಮ್ಮೆ ರೆಟಿನಾ ತೋರಿಸಿಕೊಂಡರೆ ಮನಸ್ಸಿಗೂ ಸಮಾಧಾನ.

ಎರಡನೇ ಹೆಜ್ಜೆ: ಒತ್ತಡ ಅಳೆಸಿಕೊಳ್ಳಿ, ಸರಿಯಾಗಿ ಅಳೆಸಿಕೊಳ್ಳಿ

ಕಣ್ಣಿನ ಒತ್ತಡ ಏರಿದ್ದು ಸಾಮಾನ್ಯವಾಗಿ ನಿಮಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ಸುಮ್ನೆ ಅಂಚಿನಿಂದ ದೃಷ್ಟಿ ಕರಗುತ್ತಾ ಬರುತ್ತದೆ. 40 ದಾಟಿದ ಮೇಲೆ ಒಮ್ಮೆಯಾದರೂ ಅಳೆಸಿಕೊಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಇನ್ನೂ ಬೇಗ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ಯಾದಗಿರಿಯವರಿಗೆ ಜಿಲ್ಲಾಸ್ಪತ್ರೆ ಹತ್ತಿರ.

ಅಳೆಯುವ ಹೊತ್ತಿನ ಒಂದು ಸಂಗತಿ ಹೇಳುತ್ತೇನೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕಿನಲ್ಲಿ ನೋಡಿದರೆ ನಮಗೆ ಎರಡು ಹಸಿರು ಅರ್ಧ ಉಂಗುರ ಕಾಣುತ್ತವೆ. ಅವುಗಳ ಒಳ ಅಂಚು ಒಂದಕ್ಕೊಂದು ತಾಗುವ ತನಕ ಗುಂಡಿ ತಿರುಗಿಸಿ, ಅಲ್ಲಿನ ಅಂಕಿ ಓದುತ್ತೇವೆ. ಎಷ್ಟೋ ಜನ ಗದ್ದ ಇಟ್ಟ ತಕ್ಷಣ ಹೆದರಿ ಉಸಿರು ಕಟ್ಟುತ್ತಾರೆ. ಆಗ ತಾಗಿದ್ದ ಉಂಗುರಗಳು ಕಣ್ಣೆದುರೇ ದೂರ ಸರಿಯುತ್ತವೆ. "ಮುತ್ಯಾ, ಉಸುರು ಹಿಡೀಬ್ಯಾಡ್ರಿ, ಬಿಡ್ರಿ" ಅಂದರೆ, "ಹಿಡಿದಿದ್ದು ನನಗ ಗೊತ್ತೇ ಆಗಿಲ್ಲ ನೋಡ್ರಿ" ಅನ್ನುತ್ತಾರೆ. ಉಸಿರು ಹೊರಗೆ ಬರುತ್ತಿದ್ದ ಹಾಗೆ ಉಂಗುರ ಮತ್ತೆ ಹತ್ತಿರ ಬರುತ್ತವೆ. ಉಸಿರಿಗೂ ಕಣ್ಣಿಗೂ ಇರುವ ನಂಟು ಇಷ್ಟು ನೇರ.

ಹಾಗಾಗಿ ಅಳೆಸಿಕೊಳ್ಳುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿ. ಕುರ್ಚಿ ಎತ್ತರ ಇದ್ದರೆ ಹೇಳಿ, ಎದೆ ಒತ್ತಿಕೊಂಡು ಬಾಗಬೇಡಿ. ರೆಪ್ಪೆ ಬಿಗಿ ಹಿಡಿಯಬೇಡಿ. ಮಾಮೂಲಿ ಉಸಿರಾಡುತ್ತಿರಿ. ಅಂಕಿ ಎಷ್ಟು ಬಂತು ಅಂತ ಕೇಳಿ, ತಾರೀಖು ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕಿ ಸರಿ ಇದ್ದರೂ ಗ್ಲಾಕೋಮಾ ಇರಬಹುದು. ಅದಕ್ಕೇ ಕಣ್ಣಿನ ನರವನ್ನೂ ನೋಡಿಸಿಕೊಳ್ಳಿ.

ಮೂರನೇ ಹೆಜ್ಜೆ: ಎತ್ತುವ ರೀತಿ ಬದಲಿಸಿ

ನಿಯಮ ಒಂದೇ: ಬಲ ಹಾಕುವ ಕ್ಷಣಕ್ಕೆ ಉಸಿರು ಹೊರಗೆ ಹೋಗುತ್ತಿರಬೇಕು.

ತೊಗರಿಯ 50 ಕೆ.ಜಿ. ಚೀಲವನ್ನೇ ತೆಗೆದುಕೊಳ್ಳೋಣ. ಚೀಲದ ಹತ್ತಿರ ಬನ್ನಿ, ದೂರದಿಂದ ಕೈ ಚಾಚಿ ಎಳೆಯಬೇಡಿ. ಎರಡೂ ಕಾಲು ಸ್ವಲ್ಪ ಅಗಲಿಸಿ. ಸೊಂಟದಿಂದ ಬಾಗದೆ ಮಂಡಿ ಮಡಚಿ ಕೆಳಗಿಳಿಯಿರಿ, ತಲೆ ಎದೆಗಿಂತ ಕೆಳಗೆ ಹೋಗದಿರಲಿ. ಚೀಲ ಹಿಡಿದು ಮೂಗಿನಿಂದ ಸಾಧಾರಣ ಉಸಿರು ತೆಗೆದುಕೊಳ್ಳಿ. ಎದೆ ಬಿರಿಯುವಷ್ಟು ಬೇಡ. ಈಗ ತುಟಿ ಸ್ವಲ್ಪ ತೆರೆದು "ಹೂ..." ಅಂತ ಗಾಳಿ ಬಿಡಲು ಶುರು ಮಾಡಿ. ಬಿಡಲು ಶುರುವಾದ ಮೇಲೆ ಏಳಿ. ಪೂರ್ತಿ ನಿಂತ ಮೇಲೆ ಒಂದು ಉಸಿರು ತೆಗೆದುಕೊಂಡು, ಬೆನ್ನಿಗೋ ಹೆಗಲಿಗೋ ಹಾಕಿಕೊಳ್ಳುವಾಗ ಮತ್ತೆ ಬಿಡಿ. ಇಳಿಸುವಾಗಲೂ ಹಾಗೆಯೇ. ಇಳಿಸುವಾಗ ಉಸಿರು ಕಟ್ಟುವುದು ಎತ್ತುವಾಗಿನಷ್ಟೇ ಸಾಮಾನ್ಯ, ಯಾರೂ ಗಮನಿಸುವುದಿಲ್ಲ.

ಗುಂಪಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ. ಕಲ್ಲು ಸರಿಸುವಾಗ, ಗಾಡಿ ನೂಕುವಾಗ "ಹೈಸ್ಸಾ" ಅಂತ ಕೂಗು ಹಾಕುತ್ತಾರೆ. ಕೂಗಲು ಗಂಟಲು ತೆರೆದಿರಬೇಕು, ಗಾಳಿ ಹೊರಗೆ ಬರಲೇಬೇಕು. ನನಗಂತೂ ಆ ಕೂಗು ತುಂಬ ಇಷ್ಟ. ಒಬ್ಬರೇ ಎತ್ತುವಾಗಲೂ ನಾಚಿಕೆ ಬಿಟ್ಟು ಸದ್ದು ಮಾಡಿ. ಸದ್ದು ಬರುತ್ತಿದೆ ಅಂದರೆ ಉಸಿರು ಕಟ್ಟಿಲ್ಲ ಅಂತ ಅರ್ಥ.

ಸದ್ದು ಮಾಡಿಕೊಂಡು ಎತ್ತಲು ಆಗದಷ್ಟು ಭಾರ ಇದ್ದರೆ ಅದು ಒಬ್ಬರು ಎತ್ತುವ ಭಾರವಲ್ಲ. ಇಬ್ಬರು ಹಿಡಿಯಿರಿ, ಕೈಗಾಡಿ ತನ್ನಿ. ಗ್ಲಾಕೋಮಾ ಇರುವ ಹಮಾಲರಿಗೆ ನಾನು ಹೇಳುವುದು, ನೆಲದಿಂದ ಎತ್ತುವ ಕೆಲಸ ಜೊತೆಯವರಿಗೆ ಕೊಡಿ, ನೀವು ಸೊಂಟದ ಎತ್ತರದಿಂದ ಬೆನ್ನಿಗೆ ಹಾಕಿಸಿಕೊಂಡು ಸಾಗಿಸಿ. ತುಂಬಿದ ಕೊಡಕ್ಕೂ ಇದೇ ಮಾತು. ಕೊಡವನ್ನು ಕಟ್ಟೆಯ ಮೇಲಿಟ್ಟು ತುಂಬಿಸಿದರೆ ನೆಲದಿಂದ ಎತ್ತುವ ತಿಣುಕಾಟವೇ ತಪ್ಪುತ್ತದೆ. ದೊಡ್ಡ ಕೊಡ ಒಂದರ ಬದಲು ಸಣ್ಣವು ಎರಡು ಒಯ್ಯಿರಿ.

ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಚೀಲ ಎತ್ತುವ ಸ್ಪರ್ಧೆ ಇಡುತ್ತಾರೆ. ಆರೋಗ್ಯವಂತ ಹುಡುಗರಿಗೆ ಅದು ಹುರುಪಿನ ಆಟ, ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಉಸಿರು ಕಟ್ಟದೆ ಎತ್ತುವುದು ಸಾಧ್ಯವಿಲ್ಲ. ಕಣ್ಣಿನ ಕಾಯಿಲೆ ಇರುವವರು ಪ್ರೇಕ್ಷಕರಾಗಿ ನಿಲ್ಲಿ. ಜಿಮ್‌ಗೆ ಹೋಗುವವರು ಒಂದೇ ಸಲಕ್ಕೆ ಆಗುವಷ್ಟು ಭಾರ ಹಾಕುವ ಬದಲು, 12–15 ಸಲ ಆರಾಮಾಗಿ ಎತ್ತುವಷ್ಟು ಹಾಕಿಕೊಳ್ಳಿ. ನಡಿಗೆ, ಸೈಕಲ್ ಇವೆಲ್ಲ ಒಳ್ಳೆಯದೇ. ಚುರುಕಾಗಿ ನಡೆದ ಮೇಲೆ ಕಣ್ಣಿನ ಒತ್ತಡ ಸ್ವಲ್ಪ ಇಳಿಯುತ್ತದೆ.

ನಾಲ್ಕನೇ ಹೆಜ್ಜೆ: ಸಂಡಾಸದ ತಿಣುಕಾಟ ನಿಲ್ಲಿಸಿ

ಇದರ ಬಗ್ಗೆ ಮಾತಾಡಲು ಜನ ಹಿಂಜರಿಯುತ್ತಾರೆ. ಭಾರ ಎತ್ತುವುದು ಕೆಲವರು ಮಾತ್ರ, ಮಲಬದ್ಧತೆ ಮನೆ ಮನೆಯ ಮಾತು. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೈನ ನೀರೆಲ್ಲ ಬೆವರಾಗಿ ಹೋಗುತ್ತದೆ. ನೀರಿನ ಬದಲು ಚಹಾ ಕುಡಿದು ದಿನ ಕಳೆಯುವವರ ಹೊಟ್ಟೆ ಕಟ್ಟದೆ ಇನ್ನೇನಾಗುತ್ತದೆ?

ಊಟದಿಂದ ಶುರು ಮಾಡಿ. ಜೋಳದ ರೊಟ್ಟಿ ತಿನ್ನುವ ನಾಡು ನಮ್ಮದು. ನಾರಿನಂಶಕ್ಕೆ ಬೇರೆ ಕಡೆ ಹುಡುಕಬೇಕಿಲ್ಲ. ರೊಟ್ಟಿ ಬಿಟ್ಟು ಮೂರು ಹೊತ್ತು ಬಿಳಿ ಅನ್ನ, ಬಿಸ್ಕತ್ತು, ಮೈದಾ ತಿನ್ನುವ ಮನೆಗಳಲ್ಲಿ ತೊಂದರೆ ಜಾಸ್ತಿ. ಪುಂಡಿಪಲ್ಲೆ, ಮೆಂತ್ಯೆ, ಹೆಸರುಕಾಳು, ಸಿಪ್ಪೆ ಇರುವ ಬೇಳೆ, ಪೇರಲಹಣ್ಣು, ಯಾವುದಾದರೂ ದಿನಾ ಇರಲಿ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ಒಂದು ಚಮಚಕ್ಕೆ ಪೂರ್ತಿ ಒಂದು ಲೋಟ ನೀರು ಬೇಕೇ ಬೇಕು. ನೀರು ಕಡಿಮೆಯಾದರೆ ಅದೇ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಗ್ಲಾಕೋಮಾ ಇರುವವರು ನೀರಿನ ವಿಷಯದಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಒಂದೇ ಸಲಕ್ಕೆ ಒಂದು ಲೀಟರ್ ನೀರು ಕುಡಿಯುವ ರೂಢಿ ಬಹಳ ಜನರಿಗಿದೆ. ಅಷ್ಟು ನೀರು ಕೆಲವೇ ನಿಮಿಷದಲ್ಲಿ ಕುಡಿದರೆ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಎಷ್ಟು ತಡೆಯುತ್ತದೆ ಅಂತ ನೋಡಲು ವೈದ್ಯರು ಬೇಕಂತಲೇ ಹೀಗೆ ನೀರು ಕುಡಿಸಿ ಅಳೆಯುವ ಪರೀಕ್ಷೆಯೂ ಇದೆ. ನೀರು ಕಡಿಮೆ ಮಾಡಬೇಡಿ. ಒಂದೊಂದು ಲೋಟವಾಗಿ ದಿನವಿಡೀ ಹಂಚಿಕೊಂಡು ಕುಡಿಯಿರಿ.

ಇನ್ನು ಕೂರುವ ರೀತಿ. ಕುಕ್ಕರಗಾಲಿನಲ್ಲಿ ಕೂರುವ ನಮ್ಮ ಹಳೆಯ ಸಂಡಾಸದಲ್ಲಿ ಮಲ ಸಲೀಸಾಗಿ ಇಳಿಯುತ್ತದೆ. ಮಂಡಿನೋವಿಗೆ ಕಮೋಡ್ ಹಾಕಿಸಿಕೊಂಡಿದ್ದರೆ ಕಾಲ ಕೆಳಗೆ ಗೇಣುದ್ದ ಎತ್ತರದ ಮಣೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಮೊಣಕೈ ತೊಡೆಯ ಮೇಲಿಟ್ಟು ಸ್ವಲ್ಪ ಮುಂದಕ್ಕೆ ವಾಲಿ. ಹೊಟ್ಟೆ ಉಬ್ಬಿಸುವ ಹಾಗೆ ಉಸಿರು ತೆಗೆದುಕೊಂಡು, ಬಾಯಿ ತೆರೆದು ನಿಧಾನ ಬಿಡಿ. ಬಿಡುವಾಗಲೇ ಕೆಳಗೆ ಸಡಿಲ ಮಾಡಿ. ಹಲ್ಲು ಕಚ್ಚಬೇಡಿ. ಹತ್ತು ನಿಮಿಷದಲ್ಲಿ ಆಗಲಿಲ್ಲ ಅಂದರೆ ಎದ್ದು ಬನ್ನಿ, ಊಟದ ನಂತರ ಮತ್ತೆ ಹೋಗಿ. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಫೋನ್ ಒಳಗೆ ಒಯ್ಯಬೇಡಿ, ಕೂತ ಹೊತ್ತು ಗೊತ್ತಾಗುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೆಲವು ನೋವಿನ ಮಾತ್ರೆ ಹೊಟ್ಟೆ ಕಟ್ಟಿಸುತ್ತವೆ, ಬದಲಿಸಿ ಕೊಡುತ್ತಾರೆ. ವಯಸ್ಸಾದ ಗಂಡಸರು ಮೂತ್ರಕ್ಕೂ ತಿಣುಕುತ್ತಾರೆ, ಪ್ರಾಸ್ಟೇಟ್ ದಪ್ಪವಾಗಿ. ಅದಕ್ಕೂ ಚಿಕಿತ್ಸೆ ಇದೆ. ಆದರೆ ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಿದ್ದರೆ, ಮೋತಿಬಿಂದು (ಕಣ್ಣಿನ ಪೊರೆ) ಆಪರೇಷನ್‌ಗೆ ಮುಂಚೆ ಕಣ್ಣಿನ ಡಾಕ್ಟರಿಗೆ ತಪ್ಪದೆ ತಿಳಿಸಿ. ಆ ಮಾತ್ರೆಯಿಂದ ಐರಿಸ್ ಸಡಿಲಾಗಿ ಆಪರೇಷನ್ ಕಷ್ಟವಾಗುತ್ತದೆ. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಐದನೇ ಹೆಜ್ಜೆ: ಕೆಮ್ಮು, ಸೀನು, ಧೂಳು

ಸೀನು ಬಂದರೆ ಮೂಗು ಒತ್ತಿ ತಡೆಯಬೇಡಿ. ಬಾಯಿ ತೆರೆದು, ಬಟ್ಟೆ ಅಡ್ಡ ಹಿಡಿದು ಸೀನಿಬಿಡಿ. ಸಿಂಬಳ ತೆಗೆಯುವಾಗ ಒಂದೊಂದೇ ಹೊಳ್ಳೆ, ಮೆಲ್ಲಗೆ. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಕುಡಿಯುತ್ತಾ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ.

ರಾಶಿ ಮಾಡುವ ಕಾಲದಲ್ಲಿ ತೊಗರಿ ಹೊಟ್ಟು ಕಣ್ಣಿಗೆ ಬಿದ್ದು ಜನ ಕಣ್ಣು ಉಜ್ಜುತ್ತಾರೆ. ಉಜ್ಜುವಾಗ ಕಣ್ಣಿನ ಒತ್ತಡ ಆ ಕ್ಷಣಕ್ಕೆ ಹಲವು ಪಟ್ಟು ಏರುತ್ತದೆ, ಉಸಿರು ಕಟ್ಟಿದಾಗಿಗಿಂತ ಎಷ್ಟೋ ಜಾಸ್ತಿ. ಹುಡುಗರಲ್ಲಿ ಈ ಚಟ ಕಾರ್ನಿಯಾವನ್ನೇ ತೆಳುವಾಗಿಸಿ ಮುಂದಕ್ಕೆ ಉಬ್ಬಿಸುತ್ತದೆ. ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ. ಇನ್ನೊಂದು ಮಾತು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕೆಂಪು ಕಣ್ಣಿಗೆ ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟಿರಾಯ್ಡ್ ಇರಬಹುದು. ತಿಂಗಳುಗಟ್ಟಲೆ ಹಾಕಿದರೆ ಕೆಲವರ ಒತ್ತಡ ಸದ್ದಿಲ್ಲದೆ ಏರಿ ನರ ಒಣಗುತ್ತದೆ. ಹೀಗೆ ಕಣ್ಣು ಕಳೆದುಕೊಂಡ ಚಿಕ್ಕ ವಯಸ್ಸಿನವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಯೋಗ, ಪ್ರಾಣಾಯಾಮ, ಊದುವ ವಾದ್ಯ

ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು ಶೀರ್ಷಾಸನ ಮಾಡುವವರ ಕಣ್ಣಿನ ಒತ್ತಡ ಅಳೆದು 2006ರಲ್ಲಿ ಪ್ರಕಟಿಸಿದರು. ತಲೆಕೆಳಗಾಗಿ ನಿಂತಾಗ ಅದು ಸುಮಾರು ಎರಡು ಪಟ್ಟು ಆಗಿತ್ತು. ಇಲ್ಲಿ ಉಸಿರು ಕಟ್ಟದಿದ್ದರೂ ತಲೆ ಕೆಳಗಾದದ್ದೇ ಸಾಕು. ಗ್ಲಾಕೋಮಾ ಇರುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಿಡಬೇಕು. ಸೂರ್ಯ ನಮಸ್ಕಾರದಲ್ಲಿ ಸೊಂಟ ಮೇಲೆ, ತಲೆ ಕೆಳಗೆ ಬರುವ ಭಂಗಿಯೂ ಒತ್ತಡ ಏರಿಸುತ್ತದೆ. ಎದ್ದ ಮೇಲೆ ಎರಡು ನಿಮಿಷದೊಳಗೆ ಇಳಿಯುತ್ತದೆ, ನಿಜ. ಆದರೆ ನರ ಸೊರಗಿದವರು ಆ ಭಂಗಿಯಲ್ಲಿ ನಿಲ್ಲುವುದೇಕೆ? ಪ್ರಾಣಾಯಾಮ ಮಾಡಿ, ಕುಂಭಕ (ಉಸಿರು ಹಿಡಿದಿಡುವುದು) ಬಿಡಿ, ಭಸ್ತ್ರಿಕಾ ಥರ ಜೋರಿನವು ಬೇಡ. ನಿಧಾನದ ಉಸಿರು, ಶವಾಸನ ಧಾರಾಳವಾಗಿ ಮಾಡಬಹುದು.

ಓಬೋ, ಟ್ರಂಪೆಟ್ ಎಂಬ ಪಾಶ್ಚಾತ್ಯ ವಾದ್ಯ ಊದುವ ಕಲಾವಿದರ ಕಣ್ಣು ಅಳೆದಾಗ ಊದುವಷ್ಟು ಹೊತ್ತೂ ಒತ್ತಡ ಏರಿದ್ದು ಕಂಡಿದೆ. ನಮ್ಮ ಸನಾದಿಯೂ ಓಬೋ ಥರ ಜೋಡಿ ಪೀಪಿಯ ವಾದ್ಯ. ಗಾಳಿಯನ್ನು ಸಣ್ಣ ಸಂದಿಯಲ್ಲಿ ಒತ್ತಬೇಕು. ಮದುವೆ ಸೀಸನ್ನಿನಲ್ಲಿ ಗಂಟೆಗಟ್ಟಲೆ ಊದುವವರು ವರ್ಷಕ್ಕೊಮ್ಮೆ ಕಣ್ಣಿನ ನರ ತೋರಿಸಿಕೊಳ್ಳಲಿ. ವಾದ್ಯ ಬಿಡಿ ಅಂತ ನಾನು ಹೇಳಲಾರೆ.

ಆಪರೇಷನ್ ಆದ ಕಣ್ಣು

ತಯಾರಿ ಆಪರೇಷನ್‌ಗೆ ಮುಂಚೆಯೇ ಆಗಬೇಕು. ಕೆಮ್ಮು ಇದೆಯೇ, ಹೊಟ್ಟೆ ಕಟ್ಟಿದೆಯೇ, ಮೂತ್ರ ತಡೆಯುತ್ತದೆಯೇ ಎಲ್ಲ ಹೇಳಿ. ನಾಚಿಕೊಂಡು ಮುಚ್ಚಿಡಬೇಡಿ. ಟೇಬಲ್ ಮೇಲೆ ಮಲಗಿ ಮುಖಕ್ಕೆ ಬಟ್ಟೆ ಮುಚ್ಚಿದಾಗ ಗಾಬರಿಯಿಂದ ಉಸಿರು ಹಿಡಿಯುವವರಿದ್ದಾರೆ. ಕಣ್ಣು ತೆರೆದಿರುವಾಗ ಒಳಗಿನ ಒತ್ತಡ ಏರಿದರೆ ಡಾಕ್ಟರಿಗೆ ಕಷ್ಟ, ಕಣ್ಣಿಗೆ ಅಪಾಯ. ಸುಮ್ನೆ ಮೆಲ್ಲಗೆ ಉಸಿರಾಡುತ್ತಿರಿ. ಕೆಮ್ಮು ಬರುವ ಹಾಗಾದರೆ ಅಲುಗಾಡದೆ ಬಾಯಲ್ಲಿ ಹೇಳಿ, ಅವರು ಕೈ ತೆಗೆಯುವ ತನಕ ತಡೆಯಿರಿ.

ಈಗಿನ ಮೋತಿಬಿಂದು ಆಪರೇಷನ್‌ನಲ್ಲಿ ಹೊಲಿಗೆ ಹಾಕುವುದು ಕಡಿಮೆ. ಗಾಯ ತಾನೇ ಕೂಡಿಕೊಳ್ಳಬೇಕು. ಫೇಕೋ ಯಂತ್ರದಿಂದ ಮಾಡಿದ್ದರೆ ಗಾಯ 3 ಮಿ.ಮೀ.ಗಿಂತ ಸಣ್ಣದು. ಯಂತ್ರವಿಲ್ಲದೆ ಮಾಡಿದ್ದರೆ ಸುಮಾರು 6 ಮಿ.ಮೀ. ಜೋರಾಗಿ ತಿಣುಕಿದರೆ ಹಸಿ ಗಾಯ ತೆರೆದುಕೊಂಡು ಸೋರಬಹುದು. ಹಾಗಾಗಿ ಭಾರ ಎತ್ತುವುದು, ಬಗ್ಗಿ ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಒಲೆಯ ಮುಂದೆ ಕೂತು ಊದುವುದು ಬೇಡ. ಎಷ್ಟು ದಿನ ಅನ್ನುವುದು ಗಾಯದ ಮೇಲೆ ಹೋಗುತ್ತದೆ, ನಿಮ್ಮ ಡಾಕ್ಟರ್ ಹೇಳಿದ ದಿನವೇ ಲೆಕ್ಕ. ದೀಡ ನಮಸ್ಕಾರದ ಹರಕೆ ಮುಂದೂಡಿ. ನಮಾಜಿನಲ್ಲಿ ಸಜ್ದಾಕ್ಕೆ ಪೂರ್ತಿ ಬಾಗದೆ ಕುರ್ಚಿಯಲ್ಲಿ ಕೂತು ಸನ್ನೆಯಿಂದ ಮಾಡುವವರಿದ್ದಾರೆ, ಅದು ಸರಿಯಾದ ದಾರಿ. ಮನೆಯವರು ಒಂದು ಉಪಕಾರ ಮಾಡಿ: ಆಪರೇಷನ್ ಆದ ಆಯಿಗೆ ಮೊಮ್ಮಗುವನ್ನು ಎತ್ತಿಕೊಳ್ಳಲು ಕೊಡಬೇಡಿ, ತೊಡೆಯ ಮೇಲೆ ಕೂರಿಸಿ.

ಗ್ಲಾಕೋಮಾ ಆಪರೇಷನ್ ಆದವರಿಗೆ ಇನ್ನೂ ಬಿಗಿ. ಆಗಷ್ಟೇ ಒತ್ತಡ ಇಳಿದ ಕಣ್ಣಿನಲ್ಲಿ ಜೋರು ಕೆಮ್ಮು, ತಿಣುಕಾಟದಿಂದ ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವ ಆಗಬಹುದು. ತಡೆಯಲಾಗದ ನೋವು ಬಂದು ದೃಷ್ಟಿ ಮಂಜಾದರೆ ಬೆಳಗಾಗುವ ತನಕ ಕಾಯಬೇಡಿ. ರೆಟಿನಾ ಆಪರೇಷನ್‌ಗೆ ಹೈದರಾಬಾದ್, ಸೊಲ್ಲಾಪುರದ ಕಡೆ ಹೋಗುವವರು ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆಯೇ ಅಂತ ಕೇಳಿಕೊಳ್ಳಿ. ಗ್ಯಾಸ್ ಕರಗುವ ತನಕ ವಿಮಾನ ಹತ್ತುವ ಹಾಗಿಲ್ಲ. ಮೇಲೆ ಹೋದ ಹಾಗೆ ಗ್ಯಾಸ್ ಹಿಗ್ಗಿ ಒತ್ತಡ ವಿಪರೀತ ಏರುತ್ತದೆ.

ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ಓಡಬೇಕು

ಕೆಮ್ಮಿದ ಮೇಲೆ, ವಾಂತಿಯಾದ ಮೇಲೆ, ಹೆರಿಗೆಯಾದ ಮೇಲೆ ಬಿಳಿಗುಡ್ಡೆಯ ಮೇಲೆ ರಕ್ತದ ಕೆಂಪು ಮಚ್ಚೆ ಕಾಣಬಹುದು. ನೋಡಲು ಭಯವಾಗುತ್ತದೆ. ನೋವಿಲ್ಲ, ದೃಷ್ಟಿ ಮೊದಲಿನಂತೆ ಇದೆ ಅಂದರೆ ಅದು ಮೇಲ್ಪದರದ ರಕ್ತ. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಬಿಪಿ ಒಮ್ಮೆ ನೋಡಿಸಿ. ಪದೇ ಪದೇ ಆಗುತ್ತಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಭಾರ ಎತ್ತಿದ ಕೂಡಲೇ, ತಿಣುಕಿದ ಕೂಡಲೇ, ನೋವಿಲ್ಲದೆ ಒಂದು ಕಣ್ಣಿನ ನಡುವೆ ಮಬ್ಬು ಕವಿದರೆ ಕಥೆ ಬೇರೆ. ರೆಟಿನಾದ ನಡುಭಾಗದ ಸಣ್ಣ ರಕ್ತನಾಳ ಒಡೆದಿರಬಹುದು. 1972ರಲ್ಲಿ ಥಾಮಸ್ ಡ್ಯುವೇನ್ ಎಂಬ ಅಮೆರಿಕದ ನೇತ್ರತಜ್ಞರು ಇದನ್ನು ವಿವರಿಸಿದರು. ವಲ್ಸಾಲ್ವಾ ರೆಟಿನೋಪತಿ ಅನ್ನುತ್ತಾರೆ. ಪೂರ್ತಿ ಆರೋಗ್ಯವಂತ ಹುಡುಗರಿಗೂ ಬರುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ರಕ್ತ ಕರಗಿ ದೃಷ್ಟಿ ವಾಪಸ್ಸಾಗುತ್ತದೆ. ಕೆಲವರಿಗೆ ಲೇಸರ್ ಬೇಕಾಗುತ್ತದೆ. ಯಾವುದು ಬೇಕು ಅಂತ ತೀರ್ಮಾನಿಸಲು ರೆಟಿನಾ ನೋಡಲೇಬೇಕು.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಇನ್ನಷ್ಟು ಲಕ್ಷಣಗಳಿವೆ. ಮಿಂಚು ಹೊಡೆದ ಹಾಗೆ ಬೆಳಕು, ಒಮ್ಮೆಲೇ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿಬಿಟ್ಟ ಹಾಗೆ ಒಂದು ಕಡೆ ಕತ್ತಲು: ರೆಟಿನಾ ಕಳಚುತ್ತಿರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಮೂಲೆ ಮುಚ್ಚಿ ಒತ್ತಡ ವಿಪರೀತ ಏರಿರಬಹುದು. ಇದನ್ನು ಪಿತ್ತ, ಅರೆತಲೆನೋವು ಅಂದುಕೊಂಡು ದಿನ ಕಳೆದರೆ ಕಣ್ಣು ಉಳಿಯುವುದು ಕಷ್ಟ.

ಚೀಟಿ ಮಾಡಿಸುವಾಗ ಸುಮ್ನೆ "ಕಣ್ಣು ಕಾಣವಲ್ಲದು" ಅನ್ನಬೇಡಿ. ಯಾವ ಕಣ್ಣು, ಎಷ್ಟು ಹೊತ್ತಿಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ನೋವಿದೆಯೇ ಇಲ್ಲವೇ ಹೇಳಿ. ಹಾಕುತ್ತಿರುವ ಹನಿಗಳ ಬಾಟಲಿ, ನುಂಗುವ ಮಾತ್ರೆಗಳ ಪಟ್ಟಿ, ಸಕ್ಕರೆಯ ರಿಪೋರ್ಟು ಒಯ್ಯಿರಿ. ರೆಟಿನಾ ನೋಡಲು ಪಾಪೆ ದೊಡ್ಡದಾಗಿಸುವ ಹನಿ ಹಾಕುತ್ತಾರೆ, ಆಮೇಲೆ ಕೆಲವು ತಾಸು ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಬೈಕ್ ಓಡಿಸಿಕೊಂಡು ಹೋಗಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.